ಮೂರು ಗುರುತು

ಬಸ್ ನಿಲ್ದಾಣದ ಹಿಂಭಾಗದಲ್ಲಿ ಕಳೆದ ವಸ್ತುಗಳ ಕೌಂಟರಿದೆ. ಅಲ್ಲಿ ಕೂರುವವಳಿಗೆ ಅವನ ಮುಖಕ್ಕಿಂತ ಬೆನ್ನು ಚೆನ್ನಾಗಿ ಪರಿಚಯವಾದದ್ದು ಅಲ್ಲಿನ ನಿಯಮದಿಂದ. ವಸ್ತು ಕೇಳಿಕೊಂಡು ಬಂದವರು ಕಪಾಟಿಗೆ ಬೆನ್ನು ಮಾಡಿ ನಿಂತು, ಕದ್ದು ನೋಡದೆ, ಮೂರು ಗುರುತು ಹೇಳಬೇಕು. ಮೂರೂ ಹೊಂದಿದರೆ ವಸ್ತು ಅವರದು. ತೊಂಬತ್ತು ದಿನ ಯಾರೂ ಬರದಿದ್ದರೆ ಅದು ಯಾರದೂ ಅಲ್ಲ. ಗೋಣಿಚೀಲ ಸೇರಿ ಗುಜರಿಗೆ ಹೋಗುತ್ತದೆ.

ಜನ ಹೇಳುವ ಗುರುತುಗಳನ್ನು ಅವಳು ಸಂಜೆ ಅಕ್ಕನ ಮುಂದೆ ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. "ಕಪ್ಪು ಛತ್ರಿ ಮೇಡಂ. ಬಿಚ್ಚಿದ್ರೆ ಬಿಚ್ಚುತ್ತೆ, ಮಡಚಿದ್ರೆ ಮಡಚುತ್ತೆ."

ತನ್ನ ಛತ್ರಿ ಕೇಳಿಕೊಂಡು ಬಂದ ಇವನು ಹಾಗಲ್ಲ. ಗೋಡೆಯ ಕಡೆ ತಿರುಗಿ, ಕತ್ತಿನ ಹಿಂದೆ ಕೈಯಿಟ್ಟುಕೊಂಡು, ಛತ್ರಿಯ ಹಿಡಿಯಲ್ಲಿ ತನ್ನ ಹಲ್ಲಿನ ಗುರುತಿದೆ, ಜೇಬಲ್ಲಿ ಪಾಸು ತಡಕುವಾಗ ಕಚ್ಚಿಕೊಂಡದ್ದು ಎಂದ. ನಾಲ್ಕನೆಯ ಕಡ್ಡಿ ಸ್ವಲ್ಪ ಕುಂಟುತ್ತದೆ, ಬಿಚ್ಚುವಾಗ ಉಳಿದವು ಅದಕ್ಕಾಗಿ ಕಾಯುತ್ತವೆ ಎಂದ. ಬೆಳಕಿಗೆ ಹಿಡಿದರೆ ಬಟ್ಟೆಯಲ್ಲಿ ಒಂದೇ ಒಂದು ಸೂಜಿತೂತು, ಒಂಟಿ ನಕ್ಷತ್ರದ ಹಾಗೆ ಎಂದ.

ಕಳೆದದ್ದನ್ನು ಇಷ್ಟು ಮುದ್ದಾಗಿ ನೆನಪಿಟ್ಟುಕೊಳ್ಳುವವನು ಕಳೆದುಕೊಳ್ಳುವುದಾದರೂ ಹೇಗೆಂದು ಅವಳಿಗೆ ಸೋಜಿಗ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮುಂದಿನ ವಾರ ಊಟದ ಡಬ್ಬಿ ಕಳೆದ, ಅದರ ಮುಂದಿನ ವಾರ ಮಫ್ಲರ್ ಕಳೆದ. ನಾಲ್ಕನೆಯ ಸಲ ಬಂದವನು ಕೇಳುವ ಮೊದಲೇ ಬೆನ್ನು ತಿರುಗಿಸಿ ನಿಂತ.

"ಇವತ್ತು ಏನು ಕಳೆದಿದೆ?"

"ಏನೂ ಕಳೆದಿಲ್ಲ. ಅದೇ ತೊಂದ್ರೆ."

ಹಿಂದಿನಿಂದ ಅವನ ಕಿವಿಗಳು ಕೆಂಪಾದವು. ಬೆನ್ನಿಗೂ ನಾಚಿಕೆ ಬರುತ್ತದೆಂದು ಅವಳಿಗೆ ಅಂದೇ ತಿಳಿದದ್ದು. ಬಿಟ್ಟಾಳೆಯೇ? ಬೇಕಾದ ವಸ್ತುವಿಗೆ ಮೂರು ಗುರುತು ಹೇಳಿ ಎಂದಳು. ಅವನು ಗೋಡೆಗೆ ಹೇಳಿದ: ಎಡಭುಜದ ಮೇಲೆ ಮುಂದಕ್ಕೆಳೆದುಕೊಂಡ ಉದ್ದ ಜಡೆ, ಅದರಲ್ಲಿ ಸಿಕ್ಕಿಸಿದ ಪೆನ್ನು. ವಸ್ತುಗಳಿಗೆ ಚೀಟಿ ಕಟ್ಟುವಾಗ ಗುನುಗುವ, ಯಾವಾಗಲೂ ಅರ್ಧಕ್ಕೇ ನಿಲ್ಲುವ ಒಂದು ರಾಗ. ನಗು ಬಂದರೆ ಮೊದಲು ರಿಜಿಸ್ಟರಿನೊಳಗೆ ಇಣುಕಿ, ಅಲ್ಲಿ ಅನುಮತಿ ಸಿಕ್ಕ ಮೇಲೆಯೇ ನಗುವುದು.

ಅವಳು ರಿಜಿಸ್ಟರಿನೊಳಗೆ ಇಣುಕಿದಳು. ಮೂರೂ ಹೊಂದಿದವು.

ಪ್ರೇಮದಲ್ಲಿ ಮುದ್ದಾದ ಮರೆವು ಮದುವೆಯಲ್ಲಿ ಮುಳ್ಳು. ಉಕ್ಕಿದ ಹಾಲು, ತೆರೆದ ನಲ್ಲಿ, ಹೊರಗೆ ನೇತಾಡುವ ಬೀಗದ ಕೈ. ಒಂದು ದಿನ ತಾಯಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದವನು ಪತ್ರಿಕೆ ಕೊಂಡು ಮನೆಗೆ ಬಂದ, ತಾಯಿಯನ್ನು ತರಲಿಲ್ಲ. ಅತ್ತೆ ಅರ್ಧ ಮರಗಟ್ಟಿದ ಬಾಯಲ್ಲೇ ಆಟೋದಿಂದಿಳಿದರು. ಮಗನೆಂಬ ಮಮತೆ ಬೇರೆ, ನಾಲಿಗೆ ಬೇರೆ. ಇವನು ಹುಟ್ಟಿದಾಗ ಅಳುವುದನ್ನೇ ಮರೆತಿದ್ದ, ನರ್ಸು ಬಾರಿಸಿ ನೆನಪಿಸಿದಳು ಎಂದು, ನರ್ಸಿನ ದನಿಯನ್ನೂ ಹಾಕಿ ಸೊಸೆಗೆ ಹೇಳಿದರು.

ಸೊಸೆ ಟೊಂಕ ಕಟ್ಟಿದಳು. ಫ್ರಿಜ್ಜಿನ ಪಕ್ಕ ಬಿಳಿ ಬೋರ್ಡು ಬಂತು. ಎಡಕ್ಕೆ ಗಂಟೆ, ನಡುವೆ ಕೆಲಸ, ಬಲಕ್ಕೆ ಟಿಕ್ ಹಾಕಲು ಚೌಕ. ಬೀಗದ ಕೈಗೆ ಮೊಳೆ, ಕನ್ನಡಕಕ್ಕೆ ಬಟ್ಟಲು, ಬಿಲ್ಲುಗಳಿಗೆ ಹಸಿರು ಕಡತ, ಒಲೆಗೆ ಟೈಮರು. ತಿಂಗಳ ಮೊದಲ ಭಾನುವಾರ ಕ್ಷೌರ, ಎರಡನೆಯದಕ್ಕೆ ಪರದೆ ಒಗೆತ. ಬೆಳಗಿನ ಇಪ್ಪತ್ತು ನಿಮಿಷ ಉಳಿಯಲಿ ಎಂದು ತನ್ನ ಜಡೆಯನ್ನೂ ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡಳು. ಅಂದು ಸಂಜೆ ಅವನು ಬೋರ್ಡು ನೋಡಿದ, ಟಿಕ್ ಹಾಕಿದ, ಊಟಕ್ಕೆ ಕುಳಿತ. ಅವಳು ದಣಿದಿದ್ದಾನೆ ಎಂದುಕೊಂಡಳು.

ವರ್ಷ ತುಂಬುವುದರೊಳಗೆ ಮನೆ ಗಡಿಯಾರವಾಯಿತು. ತನಗೆ ಮೂವತ್ತು ವರ್ಷದಲ್ಲಿ ಆಗದ್ದನ್ನು ಸೊಸೆ ಮಾಡಿದಳೆಂದು ಅತ್ತೆ ನೆರೆಮನೆಗಳಲ್ಲೆಲ್ಲ ಡಂಗುರ ಸಾರಿದರು.

ಬೋರ್ಡಿನಲ್ಲಿ ಒಂದು ಸಾಲು ತಮಾಷೆಗೆಂದು ಅವಳೇ ಬರೆದದ್ದು: '೮.೧೦ - ಮು.' ಕೆಲಸಕ್ಕೆ ಹೊರಡುವ ಮೊದಲು ಒಂದು ಮುತ್ತು. ಅತ್ತೆ ಅದನ್ನು ಮುಲಾಮು ಎಂದು ಓದಿ, ಪಾಪ ಎಲ್ಲಿ ನೋವೆಂದು ವಿಚಾರಿಸಿದ್ದರು. ಅವನು ದಿನಾ ತಪ್ಪದೆ ಕೊಡುತ್ತಿದ್ದ. ಎಂಟು ಹತ್ತಕ್ಕೆ. ಕೊಟ್ಟು, ಹೋಗಿ, ಟಿಕ್ ಹಾಕುತ್ತಿದ್ದ.

ಒಂದು ಬೆಳಿಗ್ಗೆ, ಮುತ್ತಿನ ತೇವ ಆರುವ ಮೊದಲೇ ಬೋರ್ಡಿನ ಮೇಲೆ ಪೆನ್ನು ಕಿರುಗುಟ್ಟಿದ್ದು ಕೇಳಿಸಿತು. ಅವಳ ಎದೆಯಲ್ಲೂ ಏನೋ ಕಿರುಗುಟ್ಟಿತು. ಅವನು ಹೋದ ಮೇಲೆ ಆ ಸಾಲನ್ನು ಬೆರಳಿನಿಂದ ಒರೆಸಿದಳು.

ಮರುದಿನ ಎಂಟು ಹತ್ತಕ್ಕೆ ಬಾಗಿಲ ಬಳಿ ನಿಂತಳು. ಅವನು ಬಟ್ಟಲಿನಿಂದ ಕನ್ನಡಕ ತೆಗೆದುಕೊಂಡ, ಮೊಳೆಯಿಂದ ಕೀ ತೆಗೆದುಕೊಂಡ, ಹೊರಟ. ಅದರ ಮರುದಿನವೂ ಅಷ್ಟೇ. ಹನ್ನೊಂದನೆಯ ದಿನ ಅತ್ತೆಯೇ ಕೇಳಿದರು: "ಯಾಕಮ್ಮಾ, ಮುಲಾಮು ಮುಗೀತಾ?"

ಅಂದು ಅವಳು ಇನ್ನೊಂದು ಸಾಲು ಒರೆಸಿದಳು: '೬.೩೦ - ಸ್ಟಾಪಿನಿಂದ ನನ್ನನ್ನು ಕರೆತರುವುದು.' ಸಂಜೆ ಸ್ಟಾಪಿನಲ್ಲಿ ನಾಲ್ಕು ಬಸ್ಸು ಬಂದು ಹೋಗುವವರೆಗೆ ನಿಂತಳು. ಆಮೇಲೆ ನಡೆದು ಮನೆಗೆ ಹೋದರೆ, ಅವನು ಬೋರ್ಡಿನ ಅಪ್ಪಣೆಯಂತೆ ಕುಂಡಗಳಿಗೆ ನೀರು ಹಾಕುತ್ತಿದ್ದ. ಬಂದ್ಯಾ ಎಂದ. ಒಂದು ಹನಿಯೂ ನೆಲಕ್ಕೆ ಬಿದ್ದಿರಲಿಲ್ಲ.

ಮರುಬೆಳಿಗ್ಗೆಯೇ ಚೀಲ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟಳು. ಅವನಿಗೆ ಹೇಳಲಿಲ್ಲ. ಅತ್ತೆಗೆ ಮಾತ್ರ, ತಮ್ಮ ಕೌಂಟರಿನಲ್ಲಿ ತೊಂಬತ್ತು ದಿನ ಕಾಯುವ ಪದ್ಧತಿ, ತಾನೂ ಅಷ್ಟೇ ಕಾಯುತ್ತೇನೆ ಎಂದಳು. ಅತ್ತೆ ಈ ಸಲ ಯಾರ ದನಿಯನ್ನೂ ಹಾಕಲಿಲ್ಲ. "ಮರೆವು ಬಿಡಿಸ್ತೀನಿ ಅಂತ ಹೋಗಿ ಮನುಷ್ಯನ್ನೇ ಬಿಡಿಸ್ಬಿಟ್ಯಲ್ಲೇ," ಎಂದರು.

ಅವನು ಬಂದದ್ದು ಎಂಬತ್ತೊಂಬತ್ತನೆಯ ದಿನ. ಕೈಯಲ್ಲಿ ಅದೇ ಛತ್ರಿ.

"ಏನು ಕಳೆದಿದೆ?" ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದಳು.

"ಹೆಂಡ್ತಿ."

"ಯಾವತ್ತು?"

ಅವನು ಯೋಚಿಸಿದ. "ಅದೇ ಗೊತ್ತಾಗ್ತಿಲ್ಲ. ನೀನು ಮನೆ ಬಿಟ್ಟಿದ್ದಕ್ಕಿಂತ ಮುಂಚೆನೇ ಇರ್ಬೇಕು."

ಮಾತಾಡಿದರೆ ಸೋಲುತ್ತೇನೆಂದು, ತಿರುಗಿ ನಿಲ್ಲುವಂತೆ ಬೆರಳಲ್ಲೇ ಸನ್ನೆ ಮಾಡಿದಳು. ಅವನು ತಿರುಗಿದ. ಕತ್ತಿನ ಹಿಂದೆ ಕೂದಲು ಅಚ್ಚುಕಟ್ಟು. ಮೊದಲ ಭಾನುವಾರ ತಪ್ಪಿಸಿರಲಿಲ್ಲ. ಒಂದೇ ಒಂದು ಹೊಸ ಗುರುತು ಹೇಳಲಿ, ಸುಳ್ಳಾದರೂ ಸರಿ, ಕೌಂಟರ್ ಮುಚ್ಚಿ ಹೊರಡುತ್ತೇನೆ ಎಂದುಕೊಂಡಳು.

ಅವನು ಗೋಡೆಗೆ ಹೇಳಿದ: ಎಡಭುಜದ ಮೇಲೆ ಉದ್ದ ಜಡೆ, ಜಡೆಯಲ್ಲಿ ಪೆನ್ನು.

ಅವಳ ಕೈ ತಾನಾಗಿ ಬರಿಗುತ್ತಿಗೆಗೆ ಹೋಯಿತು.

ಚೀಟಿ ಕಟ್ಟುವಾಗ ಅರ್ಧಕ್ಕೆ ನಿಲ್ಲುವ ರಾಗ ಎಂದ. ಮನೆಯಲ್ಲಿ ಟೈಮರು ಹಾಡಲು ಶುರುಮಾಡಿದ ಮೇಲೆ ಅವಳು ಹಾಡು ನಿಲ್ಲಿಸಿದ್ದಳು. ನಗುವ ಮೊದಲು ರಿಜಿಸ್ಟರಿನ ಅನುಮತಿ ಎಂದ. ಅವಳು ಅರ್ಜಿ ಹಾಕಿಯೇ ಎಷ್ಟು ಕಾಲವಾಯಿತೋ.

"ಹೊಂದ್ತಿಲ್ಲ," ಎಂದಳು.

ಅವನು ತಿರುಗಿ ನೋಡಿದ. ನಿಜಕ್ಕೂ ನೋಡಿದ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗಾಜನ್ನು ಪಕ್ಕಕ್ಕೆಸೆಯುವವನಿಗೆ ಒಂದು ಮೊಳ ಕೂದಲು ಹೋದದ್ದು ಈಗ ಕಂಡಿತು.

"ಜಡೆ..."

"ಎರಡು ವರ್ಷ ಆಯ್ತು."

"ನೀನು ಬರೆದಿರ್ಲಿಲ್ಲ."

"ಇಲ್ಲ," ಎಂದಳು. "ಬರೆದಿರ್ಲಿಲ್ಲ. ಮುಂದಿನವರು ಬನ್ನಿ."

ಸಾಲು ಕರಗಿದ ಮೇಲೆ ನೋಡಿದರೆ ಛತ್ರಿ ಕೌಂಟರಿನ ಮೇಲೇ ಇತ್ತು. ಮರೆತು ಹೋಗಿದ್ದಾನೆ, ಮರೆಯುವ ಹಳಬನೇ ಬಂದಿದ್ದ ಎಂದುಕೊಂಡಳು. ಬಿಚ್ಚಿದಳು. ನಾಲ್ಕನೆಯ ಕಡ್ಡಿಗಾಗಿ ಉಳಿದವು ಕಾದವು. ಹಿಡಿಗೆ ಸುತ್ತಿದ್ದ ಸಣ್ಣ ಕಾಗದ ಸಡಿಲವಾಗಿ ಕೈಗೆ ಬಂತು. ಅವನ ಅಕ್ಷರ:

'೧೧.೩೦ - ಗುರುತು ಹೇಳುವುದು. ೧೧.೪೦ - ಛತ್ರಿ ಮರೆತು ಬರುವುದು.'

ಪಕ್ಕದಲ್ಲಿ ಎರಡು ಚೌಕ. ಮರೆಯುವುದನ್ನೂ ಪಟ್ಟಿ ಮಾಡಿಕೊಂಡು ಬಂದಿದ್ದ.

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಅಭ್ಯಾಸಬಲದಿಂದ ಮೊದಲು ರಿಜಿಸ್ಟರಿನೊಳಗೆ ಇಣುಕಿದಳು, ಇಣುಕಿದ್ದು ಅರಿವಾಗಿ ತಡೆದಳು. ಒಂದು ಗುರುತು ಹೊಂದಿತ್ತು. ಬೇಕಾದದ್ದು ಮೂರು.

ಕಾಗದದ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒತ್ತಿದಳು. ಚೌಕಗಳಿಗೆ ಟಿಕ್ ಹಾಕಲಿಲ್ಲ. ಹೊಸ ಚೀಟಿಯಲ್ಲಿ ಅಂದಿನ ತಾರೀಕು ಬರೆದು, ಛತ್ರಿಯ ಹಿಡಿಗೆ, ಹಲ್ಲಿನ ಗುರುತಿನ ಪಕ್ಕದಲ್ಲೇ ಕಟ್ಟಿ, ಕಪಾಟಿನಲ್ಲಿಟ್ಟಳು.

ಛತ್ರಿಗೆ ತೊಂಬತ್ತು ದಿನ ಸಿಕ್ಕಿತು. ಅವನಿಗೆ ಉಳಿದದ್ದು ಒಂದು.