ಅಂಟಿಸಿದ ಹಾಯಿಕಂಬ

"ಅಕ್ಕ, ಈಗ ಬಾ. ಇನ್ನೂ ತಡ ಮಾಡಿದ್ರೆ ನನ್ನ ಹಡಗು ಹೋಗ್ತದೆ."

ಹಿತೇಶ್ ಮೇಜಿನ ಅಂಚಿಗೆ ಗಲ್ಲ ಊರಿಕೊಂಡು ಹೇಳಿದ. ಅವನ ಪುಟ್ಟ ಹಡಗು ನೀಲಿ ಬೆಡ್‌ಶೀಟಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅದರ ಎದುರಿಗೆ ಲವಿನಾಳ ಎಂದಿನ ಎರಡು ಹಡಗುಗಳು ನಿಂತಿದ್ದವು. ಹಿತೇಶನ ಜೊತೆಗಾರ್ತಿ ಮನ್ವಿತಾ ಮಾತ್ರ ತನ್ನ ಹಡಗನ್ನು ಮೂಲೆಯಿಂದ ಕದಲಿಸಿರಲಿಲ್ಲ.

"ಗಾಳಿ ಸರಿ ಇಲ್ಲ," ಎಂದಳು ಮನ್ವಿತಾ.

"ಗಾಳಿ ನಿನ್ನ ಬೆನ್ನಿಗೇ ಉಂಟಲ್ಲ," ಎಂದಳು ಲವಿನಾ. ಎದುರು ಪಾರ್ಟಿಯವಳಾದರೂ ಅವಳಿಗೆ ಸುಳ್ಳು ಕೇಳಿ ಸುಮ್ಮನಿರಲು ಬರುವುದಿಲ್ಲ.

ಗಾಳಿ ಎಂದರೆ ರಟ್ಟಿನಿಂದ ಕತ್ತರಿಸಿದ ಒಂದು ಬಾಣ. ಅದು ತೋರಿಸುವ ಕಡೆಗೆ ಹಡಗುಗಳು ಬೇಗ ಸಾಗುತ್ತವೆ. ಆ ಬಾಣ, ದಾಳ, ಅಳೆಯುವ ಸ್ಕೇಲ್ ಎಲ್ಲವೂ ಲವಿನಾಳ ಡ್ಯಾಡಿ ರೂಬನ್ ಅಂಕಲ್ ಅವರದು. ಅವರು ದೊಡ್ಡ ಕಾರ್ಗೋ ಹಡಗಿನಲ್ಲಿ ಇಂಜಿನಿಯರ್. ರಜೆಯಲ್ಲಿ ಬಿಜೈಯ ಫ್ಲ್ಯಾಟಿಗೆ ಬಂದರೆ ಪ್ರತಿ ಭಾನುವಾರ ಚರ್ಚಿನಿಂದ ಮರಳಿದ ಕೂಡಲೇ ಊಟದ ಮೇಜನ್ನು ಸಮುದ್ರ ಮಾಡಿ, ಬಿಲ್ಡಿಂಗಿನ ಮಕ್ಕಳನ್ನು ಕರೆಯುತ್ತಾರೆ.

"ಇಡೀ ವರ್ಷ ಹಡಗಲ್ಲೇ ಇದ್ದು ಸಾಕಾಗಲಿಲ್ವಾ ಇವರಿಗೆ?" ಎಂದು ಲವಿನಾಳ ಮಮ್ಮಿ ಎಲೇನ್ ಆಂಟಿ ಅಡುಗೆಮನೆಯಿಂದ ಗೊಣಗುತ್ತಾರೆ. ಅವರದು ಒಂದೇ ಕಂಡೀಷನ್. ಊಟದ ಹೊತ್ತಿಗೆ ಸಮುದ್ರವನ್ನು ಮಡಚಿ ಇಡಬೇಕು.

ಹಡಗುಗಳು ಮಾತ್ರ ಮಕ್ಕಳದ್ದೇ. ಎಲ್ಲವೂ ಮಾರ್ಕೆಟಿನ ಪ್ಲಾಸ್ಟಿಕ್ ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುವ ಅಗ್ಗದ ಆಟಿಕೆಗಳು. ಕೆಂಪು ಬಣ್ಣ, ಗುಂಡು ಹೊಟ್ಟೆ, ಅಡಿಯಲ್ಲಿ ನಾಲ್ಕು ಚಕ್ರ. ನಿಜ ಹೇಳಬೇಕೆಂದರೆ ಅವು ಹಡಗಿನ ವೇಷ ಹಾಕಿದ ಕಾರುಗಳು. ಅವುಗಳನ್ನು ಯುದ್ಧದ ಹಡಗು ಮಾಡುವುದೇ ಅರ್ಧ ಆಟ.

ಮನ್ವಿತಾಳ ಹಡಗನ್ನು ಅವಳೂ ಪಪ್ಪನೂ ಸೇರಿ ಮಾಡಿದ್ದರು. ಪಪ್ಪ ಕಡಲಾಚೆಯ ದಮ್ಮಾಮಿನಲ್ಲಿ ಎಸಿ ಮೆಕ್ಯಾನಿಕ್. ರಜೆಗೆ ಬಂದಾಗ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ಕೆಲಸ ಶುರು ಮಾಡಿದರು. ಮೊದಲು ಹ್ಯಾಕ್ಸಾ ಬ್ಲೇಡಿನಿಂದ ಹೊಟ್ಟೆಯ ಕೆಳಭಾಗವನ್ನು ಚಕ್ರಗಳ ಸಮೇತ ಕೊಯ್ದರು. ಹಡಗು ನೀರಿನಲ್ಲಿ ಮುಳುಗುವಷ್ಟು ಭಾಗ ಹೋದ ಮೇಲೆ ಉಳಿದದ್ದು ಬೆಡ್‌ಶೀಟಿನ ಮೇಲೆ ತೇಲುತ್ತಿರುವ ಹಾಗೆಯೇ ಕೂತಿತು. ಆಮೇಲೆ ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಎರಡು ಹಾಯಿಕಂಬ. ಚಾ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಹಾಯಿ. ಅಮ್ಮನ ಹೊಲಿಗೆ ಡಬ್ಬಿಯ ಕಪ್ಪು ದಾರ. ಆ ದಾರದ ಒಂದೊಂದು ಗಂಟನ್ನೂ ಪಪ್ಪ ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಕಟ್ಟಿದ್ದರು.

ರೂಬನ್ ಅಂಕಲ್‌ರ ನಿಯಮದಂತೆ ಕಂಬಗಳನ್ನು ತೂತಿನಲ್ಲಿ ನಿಲ್ಲಿಸಲು ಮೇಣ ಮಾತ್ರ ಹಾಕಬೇಕು. ಏಕೆಂದರೆ ದಾಳದಲ್ಲಿ ಆರು ಬಿದ್ದರೆ ಫಿರಂಗಿಯ ಗುಂಡು ತಾಗಿತು ಎಂದು ಲೆಕ್ಕ. ಗುಂಡು ತಾಗಿದ ಹಡಗಿನಿಂದ ಒಂದು ಕಂಬ ಕೀಳಬೇಕು. ಎರಡೂ ಹೋದರೆ ಹಡಗು ಔಟ್.

ಪಪ್ಪ ಹೊರಟುಹೋದ ಮರುವಾರ ಕಪಾಟಿನ ಧೂಳು ಒರೆಸುವಾಗ ಒಂದು ಕಂಬ ಓರೆಯಾಯಿತು. ಅದರ ಒಂದು ಗಂಟು ಸಡಿಲವಾಯಿತು. ಮನ್ವಿತಾಳಿಗೆ ಅಳುವೇ ಬಂತು. ಪಪ್ಪ ಮತ್ತೆ ಬರುವುದು ಎರಡು ವರ್ಷಕ್ಕೆ. ಅಲ್ಲಿಯ ತನಕ ಅವರ ಕೈಯ ಕೆಲಸ ಹಾಗೆಯೇ ಇರಬೇಕು ಎಂದು ಅವಳು ಯಾರಿಗೂ ಹೇಳದೆ ಎರಡೂ ಕಂಬಗಳನ್ನು ಫೆವಿಕ್ವಿಕ್ ಹಾಕಿ ಅಂಟಿಸಿಬಿಟ್ಟಳು.

ಅಂದಿನಿಂದ ಅವಳ ಹಡಗು ಪ್ರತಿ ಭಾನುವಾರ ಸಮುದ್ರಕ್ಕೆ ಬರುತ್ತದೆ, ಮೂಲೆಯಲ್ಲಿ ನಿಲ್ಲುತ್ತದೆ, ಒಂದು ಗೀರೂ ಇಲ್ಲದೆ ಮನೆಗೆ ಮರಳುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ, ಯಾರಾದರೂ ಹಡಗಿನ ಹತ್ತಿರ ಕೈ ತಂದರೆ ಅವಳು ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.

ಲವಿನಾ ದಾಳ ಉರುಳಿಸಿದಳು. ಆರು.

"ಸಾರಿ ಹಿತೇಶ್," ಎಂದಳು. ಹಿತೇಶ್ ಒಂದು ಕಂಬ ಕಿತ್ತು ಮೇಜಿನ ಬದಿಗೆ ಇಟ್ಟ. ಇನ್ನು ಒಂದೇ ಉಳಿಯಿತು.

ಅವನು ಜಗಳ ಮಾಡಿದ್ದರೆ ಮನ್ವಿತಾಳಿಗೆ ಸುಲಭವಾಗುತ್ತಿತ್ತು. ಚಿಕ್ಕಪ್ಪನ ಮಗನ ಜೊತೆ ಜಗಳ ಅವಳಿಗೆ ಹೊಸದಲ್ಲ. ಅವನು ಮೆಲ್ಲಗೆ ಹೇಳಿದ್ದು ಇಷ್ಟೇ.

"ನೀನು ಹಿಂದಿಂದ ಬರ್ತಿ ಅಂತ ನಾನು ಮುಂದೆ ಹೋದದ್ದು."

ಮನ್ವಿತಾ ಸ್ಕೇಲ್ ತೆಗೆದುಕೊಂಡಳು. ಗಾಳಿಯ ಬಾಣ ನೋಡಿದಳು. ತನ್ನ ಹಡಗನ್ನು ಸ್ಕೇಲಿನ ಉದ್ದಕ್ಕೂ ದೂಡಿ, ಹಿತೇಶನ ಹಡಗಿಗೂ ಲವಿನಾಳ ಹಡಗುಗಳಿಗೂ ನಡುವೆ ತಂದು ನಿಲ್ಲಿಸಿದಳು. ನಡುವೆ ಬಂದ ಹಡಗಿಗೇ ಗುಂಡು ಬೀಳುವುದು ಆಟದ ಕ್ರಮ.

"ಅಂತೂ ಬಂತು," ಎಂದರು ರೂಬನ್ ಅಂಕಲ್.

ಲವಿನಾ ದಾಳ ಹಾಕಿದಳು. ಅವಳ ಕೈಗೆ ಎಂತದೋ ಗ್ರಹ ಹಿಡಿದಿತ್ತು. ಮತ್ತೆ ಆರು.

"ಎದುರಿನ ಕಂಬ ತೆಗಿ," ಎಂದರು ಅಂಕಲ್.

ಮನ್ವಿತಾ ಕೈ ಹಿಂದೆ ಕಟ್ಟಿಕೊಂಡಳು. "ಅದು ಬರುವುದಿಲ್ಲ ಅಂಕಲ್. ನಾನು ಅಂಟಿಸಿದ್ದೇನೆ."

"ಮೇಣ ಅಲ್ವಾ?"

"ಫೆವಿಕ್ವಿಕ್."

ಲವಿನಾ ಏನೋ ಹೇಳಲು ಬಾಯಿ ತೆರೆದಳು. ಅಂಕಲ್ ಕಣ್ಣಿನಲ್ಲೇ ಅವಳನ್ನು ತಡೆದರು.

"ಯಾಕೆ ಪುಟ್ಟಿ?"

"ಪಪ್ಪ ಕಟ್ಟಿದ್ದು ಅದು," ಎಂದಳು ಮನ್ವಿತಾ. ಅದಕ್ಕಿಂತ ಹೆಚ್ಚು ಹೇಳಿದರೆ ಅಳು ಬರುತ್ತಿತ್ತು.

ಅಂಕಲ್ ಬಗ್ಗಿ ಹಡಗಿನ ಗಂಟುಗಳನ್ನು ನೋಡಿದರು. ಅವರೂ ಮಗಳನ್ನು ಬಿಟ್ಟು ತಿಂಗಳುಗಟ್ಟಲೆ ದೂರ ಇರುವವರು. "ಹಾಗಾದ್ರೆ ಒಂದು ಮಾಡು. ಇದನ್ನು ಶೋಕೇಸಿನಲ್ಲಿ ಇಡು. ತೆಗೆದು ಬ್ಯಾಗಿಗೆ ಹಾಕು. ನಂಗೆ ಎಂತ ಬೇಜಾರಿಲ್ಲ. ಆದ್ರೆ ಕಂಬ ಕೀಳಲಿಕ್ಕೆ ಆಗದ ಹಡಗು ಯುದ್ಧದಲ್ಲಿ ಇರುವ ಹಾಗಿಲ್ಲ."

"ಹಾಗಾದ್ರೆ ನಾನು ಒಬ್ನೇಯಾ?" ಎಂದು ಕೇಳಿದ ಹಿತೇಶ್.

ಲವಿನಾ ದಾಳವನ್ನು ಎತ್ತಿಕೊಂಡಳು. "ಬೇಕಾದ್ರೆ ಈ ಆರು ಲೆಕ್ಕಕ್ಕೆ ಬೇಡ. ನಾನು ಇನ್ನೊಮ್ಮೆ ಹಾಕ್ತೇನೆ."

"ಬೇಡ," ಎಂದಳು ಮನ್ವಿತಾ.

ಅವಳು ಎದುರಿನ ಕಂಬದ ಬುಡವನ್ನು ಎರಡು ಬೆರಳಲ್ಲಿ ಹಿಡಿದಳು. ಕಣ್ಣು ಮುಚ್ಚಿ ಬಗ್ಗಿಸಿದಳು. ಹಿಡಿಸೂಡಿಯ ಕಡ್ಡಿ ಅಷ್ಟು ಸುಲಭಕ್ಕೆ ಮುರಿಯುವ ಜಾತಿಯದ್ದಲ್ಲ. ಎರಡನೆಯ ಸಲಕ್ಕೆ ಟಕ್ ಎಂದಿತು. ಹಾಯಿ ಹರಿಯಿತು. ಪಪ್ಪನ ಗಂಟುಗಳೆಲ್ಲ ದಾರದ ಜೊತೆ ಕೈಗೆ ಬಂದವು. ಅವಳು ಅದನ್ನು ಹಿತೇಶನ ಕಂಬದ ಪಕ್ಕದಲ್ಲಿ ಇಟ್ಟಳು. ಬಹಳ ನೋವಾಯಿತು.

"ಹಿತೇಶ್, ನಿನ್ನ ಟರ್ನ್," ಎಂದಳು. "ನನ್ನ ಹಿಂದಿನಿಂದ ಹೋಗು. ಓಡು."

ಹಿತೇಶ್ ಓಡಿದ. ಲವಿನಾ ಗುಂಡು ಹಾರಿಸಿದಳು, ಎರಡು ಬಿತ್ತು. ಮತ್ತೆ ಹಾರಿಸಿದಳು, ಮೂರು. ಒಂಟಿ ಕಂಬದ ಹಡಗು ನಡುವೆ ಗಟ್ಟಿಯಾಗಿ ನಿಂತೇ ಇತ್ತು. ಹಿತೇಶನ ಹಡಗು ಬೆಡ್‌ಶೀಟಿನ ಅಂಚು ದಾಟಿ ಪಾರಾಗುವುದಕ್ಕೂ ಎಲೇನ್ ಆಂಟಿ ಸಾರಿನ ಪಾತ್ರೆ ಹಿಡಿದು ಬರುವುದಕ್ಕೂ ಸರಿಹೋಯಿತು. ಸಮುದ್ರವನ್ನು ಮಡಚಲಾಯಿತು.

ಸಂಜೆ ಪಪ್ಪನ ವಿಡಿಯೋ ಕಾಲ್ ಬಂತು.

"ಊಟ ಆಯ್ತಾ ಮಗಾ?"

"ಆಯ್ತು."

"ಶಾಲೆ ಹೇಗುಂಟು?"

"ಒಳ್ಳೆದುಂಟು."

ದಿನವೂ ಮಾತು ಇಲ್ಲಿಗೆ ಮುಗಿಯುತ್ತದೆ. ಇಬ್ಬರಿಗೂ ಮಾತಾಡುವ ಆಸೆ ಬೆಟ್ಟದಷ್ಟು, ಆದರೆ ಎಂತ ಮಾತಾಡುವುದು ಎಂದೇ ತಿಳಿಯುವುದಿಲ್ಲ. "ಹಡಗು ಹೇಗುಂಟು?" ಎಂದು ಪಪ್ಪ ಕೊನೆಗೆ ಕೇಳುತ್ತಾರೆ. "ಹಾಗೇ ಉಂಟು," ಎಂದು ಅವಳು ಫೋನನ್ನು ಅಮ್ಮನಿಗೆ ಕೊಡುತ್ತಾಳೆ.

ಇಂದೂ ಪಪ್ಪ ಕೇಳಿದರು. ಮನ್ವಿತಾ ಹಡಗನ್ನು ಕ್ಯಾಮರಾದ ಎದುರು ಹಿಡಿದಳು.

"ಒಂದು ಕಂಬ ಹೋಯ್ತು ಪಪ್ಪ. ನಾನೇ ಮುರಿದದ್ದು. ನೀವು ಕಟ್ಟಿದ ಗಂಟೆಲ್ಲ ಹೋಯ್ತು."

ಪಪ್ಪನ ಮುಖ ಸ್ಕ್ರೀನಿಗೆ ಹತ್ತಿರ ಬಂತು.

"ಯುದ್ಧಕ್ಕೆ ಇಳಿಸಿದ್ಯಾ?" ಎಂದರು ಪಪ್ಪ.

"ಹೂಂ. ಹಿತೇಶ್ ಸಿಕ್ಕಿಬಿದ್ದಿದ್ದ."

"ನಿಲ್ಲು ನಿಲ್ಲು. ಮೊದಲಿಂದ ಹೇಳು. ಗಾಳಿ ಎಲ್ಲಿಂದ ಇತ್ತು?"

ಪಪ್ಪ ಫೋನನ್ನು ಎಲ್ಲೋ ಒರಗಿಸಿ ಇಟ್ಟರು. ಅವರು ಮಲಗುವ ಮಂಚ ಕಾಣಿಸಿತು. ಅದರ ಮೇಲೆ ಅವರು ಒಂದು ಚಮಚ, ಒಂದು ಬಾಚಣಿಗೆ, ಒಂದು ಬೀಗದ ಕೈ ತಂದಿಟ್ಟರು. ರೂಮಿನ ಜೊತೆಗಾರ ಉಮರಬ್ಬ ಅಂಕಲ್‌ರ ತಲೆಯೂ ಬದಿಯಿಂದ ಇಣುಕಿತು.

"ಎಂತ ಮುಖೇಶ, ಮಂಚದಲ್ಲಿ ಅಂಗಡಿ ಇಟ್ಟಿದ್ದಿ?"

"ಯುದ್ಧ ಮಾರಾಯ. ನೀನು ಈಚೆ ಕೂತ್ಕೊ. ಲವಿನಾನ ಎರಡು ಹಡಗು ನಿಂಗೆ."

"ನಾನು ಯಾಕೆ ಎದುರು ಪಾರ್ಟಿ? ನಿನ್ನ ಮಗಳ ಕಡೆ ಇರ್ತೇನೆ," ಎನ್ನುತ್ತ ಉಮರಬ್ಬ ಅಂಕಲ್ ಕೂತೇಬಿಟ್ಟರು.

ಮನ್ವಿತಾ ಹೇಳುತ್ತಾ ಹೋದಳು. ಪಪ್ಪ ಚಮಚವನ್ನು ಹಿತೇಶ್ ಮಾಡಿ ನಡುವೆ ತಂದರು. ಬಾಚಣಿಗೆ ಮತ್ತು ಬೀಗದ ಕೈ ಅದರ ಎದುರು ಬಂದು ನಿಂತವು. ಸ್ಕ್ರೀನಿನ ತುಂಬ ಪಪ್ಪನ ಬೆರಳುಗಳೇ. ಅಮ್ಮ ಎರಡು ಸಲ ಫೋನ್ ಕೇಳಿದರು. ಅವಳು ಕೊಡಲಿಲ್ಲ. ಇಷ್ಟು ದಿನ ಕಪಾಟಿನಲ್ಲಿ ಭದ್ರವಾಗಿ ಕೂತಿದ್ದ ಹಡಗು ಪಪ್ಪನಿಗೆ ಹೇಳಲು ಒಂದು ಮಾತನ್ನೂ ಕೊಟ್ಟಿರಲಿಲ್ಲ ಎಂದು ಅವಳಿಗೆ ಆಗ ಅನಿಸಿತು.

ಪಪ್ಪ ಜೇಬಿನಿಂದ ಪೆನ್ನು ತೆಗೆದರು. "ಇದು ನೀನು. ಎಲ್ಲಿ ಇಡ್ಬೇಕು? ಮೂಲೆಯಲ್ಲಾ?"

"ಅಲ್ಲ ಪಪ್ಪ," ಎಂದಳು ಮನ್ವಿತಾ. "ನಡುವೆ ಇಡಿ. ಹಿತೇಶನ ಮುಂದೆ."