ನೀರು ಹೊಡೆದ ಅದಿರು

ಸೋಮವಾರ ಬೆಳಿಗ್ಗೆ ಮಸ್ಕಿ ಠಾಣೆಗೆ ಮಮತಾ ಎಂಬ ಹೆಂಗಸು ದೂರು ತಂದಳು. ಅವಳ ಗಂಡ ವೆಂಕೋಬ ಲಿಂಗಸುಗೂರು ದಾರಿಯ ಸೀಸ-ಸತುವಿನ ಗಣಿಯಲ್ಲಿ ಲೋಡರ್ ಓಡಿಸುತ್ತಿದ್ದ. ಶನಿವಾರ ಅದಿರು ಸುರಿಯುವ ಬಾವಿಗೆ ಲೋಡರಿನ ಮುಂದಿನ ಗಾಲಿಗಳು ಜಾರಿ, ಅವನ ಬಲಗಾಲು ನಜ್ಜುಗುಜ್ಜಾಗಿತ್ತು. ತಪ್ಪು ಚಾಲಕನದೇ ಎಂದು ಗಣಿಯವರು ಕೈ ತೊಳೆದುಕೊಂಡಿದ್ದರು.

“ಕಾಲು ಹೋತು, ಹೋಗ್ಲಿ ರೀ. ಹೆಸರೂ ಹೋಗಬೇಕೇನು?” ಎಂದಳು. ಇನ್‌ಸ್ಪೆಕ್ಟರ್ ಸುರೇಖಾ ಎಫ್‌ಐಆರ್ ದಾಖಲಿಸಿದರು.

ಸಿಂಧನೂರಿನ ಆಸ್ಪತ್ರೆಯಲ್ಲಿ ವೆಂಕೋಬ, ತಪ್ಪು ತನ್ನದೇ ಎಂದು ಗೋಡೆಯ ಕಡೆ ಹೊರಳಿದ. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ಸುರೇಖಾ ಅವರಿಗೆ ಅನುಮಾನ ಹೆಚ್ಚು.

ಗಣಿಯೊಳಗೆ ಯಂತ್ರದ ಗದ್ದಲದಲ್ಲಿ ಮಾತು ಕೇಳಿಸದು. ಬಾವಿಯ ಬದಿ ನಿಂತ ಜೊತೆಗಾರನ ತಲೆದೀಪವೇ ಚಾಲಕನಿಗೆ ಕಣ್ಣು: ಮೇಲೆ ಕೆಳಗೆ ಆಡಿದರೆ ಬಾ, ಅಡ್ಡ ಆಡಿದರೆ ನಿಲ್ಲು. ಆ ಜೊತೆಗಾರ ಪಾಮನಕಲ್ಲೂರಿನ ಕನಕರಾಜ, ವೆಂಕೋಬನೊಂದಿಗೆ ಒಂದೇ ಬುತ್ತಿಯಲ್ಲಿ ಉಂಡವನು. ತಾನು ಅಡ್ಡವೇ ಆಡಿಸಿದ್ದೆ, ಧೂಳು ಕವಿದು ಅವನಿಗೆ ಕಂಡಿರಲಿಕ್ಕಿಲ್ಲ ಎಂದು ಹೇಳಿಕೆ ಕೊಟ್ಟ.

ಮಂಗಳವಾರ ಸುರೇಖಾ, ಕಾನ್‌ಸ್ಟೆಬಲ್ ಚಾಂದ್‌ಪಾಷಾ ಮತ್ತು ಇಬ್ಬರು ಪಂಚರು ಗಣಿಗೆ ಇಳಿದರು. ಚಾಂದ್‌ಪಾಷಾ ಇಳಿಯುವಷ್ಟು ಹೊತ್ತೂ ಅಲ್ಲಾನನ್ನು ನೆನೆದ. ಸುರೇಖಾ ಅವರಿಗೂ ಭಯವಿತ್ತು, ತೋರಿಸಿಕೊಳ್ಳಲಿಲ್ಲ ಅಷ್ಟೇ. ಅವಘಡದ ದಿನದಿಂದ ಅಲ್ಲಿ ಕೆಲಸ ನಿಂತಿತ್ತು. ಪಂಚನಾಮೆ ಬರೆಸುತ್ತ ಅವರು ಲೋಡರಿನ ಬಕೆಟ್ ಮುಟ್ಟಿ ನೋಡಿದರು. ಒಳಗೆಲ್ಲ ಕೆಸರು ಮೆತ್ತಿತ್ತು. ಉಳಿದ ಅದಿರಿನ ರಾಶಿಗೆ ಕೈ ಹಾಕಿದರೆ ಅದೂ ಒದ್ದೆ. ತುಂಬುವ ಮೊದಲು ನೀರು ಹೊಡೆದು ಧೂಳು ಅಡಗಿಸುವುದು ಜೊತೆಗಾರನ ಕೆಲಸ ಎಂದು ಮೇಲ್ವಿಚಾರಕ ಹೇಳಿದ. ರೂಢಿ ಬಿಡದ ಕನಕರಾಜ ಅಂದೂ ರಾಶಿಯನ್ನು ಚೆನ್ನಾಗಿ ನೆನೆಸಿದ್ದ. ಸುಳ್ಳು ಹೇಳುವಾಗ ಅದನ್ನು ಮರೆತಿದ್ದ.

ಸಂಜೆ ಪಾಮನಕಲ್ಲೂರಿನಲ್ಲಿ ಅವನ ಮನೆಯ ಮುಂದೆಯೇ ವಿಚಾರಣೆ ನಡೆಯಿತು.

“ನೀರು ಹೊಡದಾವ ಯಾರು?”

“ನಾನ ರೀ.”

“ಮತ್ತ ಧೂಳು ಎಲ್ಲಿಂದ ಬಂತು?”

ಕನಕರಾಜ ‘ಬಾ’ ಎಂದು ದೀಪ ಆಡಿಸಿದ್ದನ್ನು ಒಪ್ಪಿಕೊಂಡ. “ಗಣಿ ಧೂಳಿಗೆ ಎದಿ ಕೆಟ್ಟೈತಿ ಅಂತ ಅವನೊಬ್ಬಗ ಹೇಳಿದ್ದೆ ರೀ. ಹೆಂಡ್ತಿಗೂ ಹೇಳಿದ್ದಿಲ್ಲ. ಅಂವ ಹೋಗಿ ಗಣಿ ಡಾಕ್ಟರ್‌ಗೆ ಹೇಳ್ಯಾನ.” ಸೋಮವಾರದಿಂದ ಕನಕರಾಜ ಗಣಿಗೆ ಇಳಿಯಕೂಡದೆಂದು ಡಾಕ್ಟರು ಬರೆದಿದ್ದರು. ಕೊಲೆ ಯತ್ನದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು.

ಮರುದಿನ ಸುರೇಖಾ ಆಸ್ಪತ್ರೆಗೆ ಹೋಗಿ, ತಪ್ಪು ಚಾಲಕನದಲ್ಲ ಎಂದು ಸಾಬೀತಾಗುತ್ತದೆ ಎಂದರು. ಮಮತಾ ಕೈ ಮುಗಿದಳು.

“ದೀಪ ‘ಬಾ’ ಅಂದದ್ದು ಕಂಡಿತ್ತು ರೀ,” ಎಂದ ವೆಂಕೋಬ. “ಅಂವ ತಪ್ಪಿ ಆಡಿಸ್ಯಾನ ಅಂತ ತಿಳಕೊಂಡು ಸುಮ್ಮನಿದ್ದೆ.”

ಸುರೇಖಾ ಕನಕರಾಜನ ಬಂಧನವನ್ನೂ ಅದರ ಕಾರಣವನ್ನೂ ಹೇಳಬೇಕಾಯಿತು.

“ಅಂವ ಉಳೀಲಿ ಅಂತ ಡಾಕ್ಟರ್‌ಗೆ ಹೇಳಿದ್ದೆ,” ಎಂದ ವೆಂಕೋಬ, ಕೇಸು ವಾಪಸ್ ತೆಗೆಯಲು ಬರುತ್ತದೆಯೇ ಎಂದು ಕೇಳಿದ.