ದೊಡ್ಡಪ್ಪನ ನೀಲಿ ಹಿಡಿಗಳು

ಅವನು ಸೀಟಿ ಹೊಡೆಯುತ್ತಾ ಮೆಟ್ಟಿಲಿಳಿದು ಬಂದ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಸರ್ವರ್ ಕೋಣೆಗೆ ಅವಳೇ ಮುಖ್ಯಸ್ಥೆ. ಕೋಣೆಯಲ್ಲಿದ್ದದ್ದು ಒಂದೇ ಒಂದು ದೊಡ್ಡ ಸರ್ವರ್, ಆಳೆತ್ತರ ಮೀರಿದ ಕಪ್ಪು ಕಪಾಟು. ಯಾವ ವಾರ್ಡಿನಲ್ಲಿ ಹಾಸಿಗೆ ಖಾಲಿ ಇದೆ, ಯಾವ ಗುಂಪಿನ ರಕ್ತ ಎಷ್ಟಿದೆ, ಯಾರ ಲ್ಯಾಬ್ ರಿಪೋರ್ಟ್ ಬಂದಿದೆ, ಎಲ್ಲ ಲೆಕ್ಕವೂ ಅದರ ಹೊಟ್ಟೆಯಲ್ಲಿ. ಇಡೀ ಮನೆಯ ಭಾರ ಹೊತ್ತು ಒಂದು ದಿನವೂ ಗೊಣಗದ ಹಿರಿಯನಂತೆ ಅದು ನಿಂತಿರುತ್ತಿತ್ತು. ಸಿಬ್ಬಂದಿ ಅದಕ್ಕೆ ಇಟ್ಟ ಹೆಸರು ದೊಡ್ಡಪ್ಪ.

ಈಗ ಕೆಲಸವೆಲ್ಲ ದೂರದ ಯಾವುದೋ ಹೊಸ ವ್ಯವಸ್ಥೆಗೆ ಹೋಗಿತ್ತು. ಕಳೆದ ವಾರ ಅವಳೇ ಕೀಬೋರ್ಡಿನ ಮುಂದೆ ಕೂತು ದೊಡ್ಡಪ್ಪನನ್ನು ನಿಲ್ಲಿಸಿದ್ದಳು. ಡಿಸ್ಕುಗಳನ್ನು ಆಸ್ಪತ್ರೆಯವರು ಮೊದಲೇ ತೆಗೆದು ನಾಶ ಮಾಡಿದ್ದರು. ಉಳಿದದ್ದನ್ನು ಬಿಚ್ಚಿಕೊಂಡು ಹೋಗಲು ಇವತ್ತು ಬಂದವನು, ಇಷ್ಟು ವರ್ಷ ಅದನ್ನು ನೋಡಿಕೊಂಡ ಕಂಪನಿಯ ಸರ್ವಿಸ್ ಇಂಜಿನಿಯರ್.

"ಸಾವಿನ ಮನೆಗೆ ಯಾರಾದ್ರೂ ಸೀಟಿ ಹೊಡ್ಕೊಂಡು ಬರ್ತಾರಾ?" ಎಂದಳು.

"ಸಾವಲ್ಲ ಮೇಡಂ, ನಿವೃತ್ತಿ." ಟೂಲ್ ಬ್ಯಾಗ್ ಕೆಳಗಿಟ್ಟ. "ಇದೇ ಮಾಡೆಲ್ ಇನ್ನೂ ಎಷ್ಟೋ ಕಡೆ ಓಡ್ತಾ ಇದೆ. ಈ ಬೋರ್ಡುಗಳೆಲ್ಲ ಅಲ್ಲಿಗೆ ಸ್ಪೇರ್ ಆಗಿ ಹೋಗ್ತವೆ. ಆನೆ ಇದ್ರೂ ಸಾವಿರ, ಸತ್ರೂ ಸಾವಿರ ಅಂತಾರಲ್ಲ, ಆ ಜಾತಿ ನಮ್ಮ ದೊಡ್ಡಪ್ಪ."

"ಹಾಗಂತ ಸೀಟಿ ಹೊಡೀಬೇಕಾ?"

"ಹೊಡಿಯಲ್ಲ," ಎಂದ. ಆದರೆ ಅವನ ಮುಖದಲ್ಲಿದ್ದ ಖುಷಿ ಇಳಿಯಲಿಲ್ಲ. ಅವಳು ಬೇಕೆಂದೇ ಅತ್ತ ತಿರುಗಿ ಕೋಣೆಯ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿದಳು. ಹಾಕಿತ್ತು.

*

ಅವರಿಬ್ಬರ ಪರಿಚಯ ಹಳೆಯದು. ಭೇಟಿಗಳು ಮಾತ್ರ ಬೆರಳಲ್ಲಿ ಎಣಿಸುವಷ್ಟು.

ಅದಕ್ಕೆ ಕಾರಣ ದೊಡ್ಡಪ್ಪನೇ. ತನ್ನೊಳಗೆ ಏನಾದರೂ ಕೆಟ್ಟರೆ ಆ ಸರ್ವರ್ ತಾನೇ ಕಂಪನಿಗೆ ಸುದ್ದಿ ಕಳಿಸುತ್ತಿತ್ತು; ಆಗ ಅವನು ಬಿಡಿಭಾಗ ಹಿಡಿದು ಬರುತ್ತಿದ್ದ. ತೊಂದರೆ ಏನೆಂದರೆ ಅದು ಕೆಡುತ್ತಲೇ ಇರಲಿಲ್ಲ. ಒಮ್ಮೆ ಒಂದು ಫ್ಯಾನ್, ಮತ್ತೆ ಯಾವಾಗಲೋ ಒಂದು ಪವರ್ ಸಪ್ಲೈ. ಅವನು ಬಂದು ಹಳೆಯದನ್ನು ಎಳೆದು ಹೊಸದನ್ನು ತಳ್ಳುವಷ್ಟು ಹೊತ್ತು ಅವಳು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಅಷ್ಟು ಸುಲಭವಾಗಿ ರಿಪೇರಿಯಾಗುವ ಮೆಷಿನ್ ಮಾಡಿದವರನ್ನು ಅವಳು ಎಷ್ಟು ಮೆಚ್ಚುತ್ತಿದ್ದಳೋ ಅಷ್ಟೇ ಶಪಿಸುತ್ತಿದ್ದಳು.

ನಡುವೆ ಅವನು ಫೋನ್ ಮಾಡುತ್ತಿದ್ದ.

"ದೊಡ್ಡಪ್ಪ ಹೇಗಿದ್ದಾರೆ?"

"ಗುಂಡುಕಲ್ಲಿನ ಹಾಗಿದ್ದಾರೆ."

"ಸಂತೋಷ," ಎನ್ನುತ್ತಿದ್ದ. ಆ ದನಿಯಲ್ಲಿ ಸಂತೋಷ ಕಾಣುವುದಿಲ್ಲವೆಂದು ಅವಳಿಗೆ ಅನಿಸುತ್ತಿತ್ತು. ಆದರೆ ಅನಿಸಿಕೆ ಪುರಾವೆಯಲ್ಲ. ಅವಳು ಪುರಾವೆ ಕೇಳುವ ಹೆಂಗಸು.

ಒಂದು ಪವರ್ ಸಪ್ಲೈ ಎಳೆದುಬಿಟ್ಟರೆ ಸಾಕಿತ್ತು. ಜೋಡಿಯ ಇನ್ನೊಂದು ಭಾರ ಹೊರುತ್ತಿತ್ತು, ಸರ್ವರ್ ನಿಲ್ಲುತ್ತಿರಲಿಲ್ಲ, ಅವನು ಬರುತ್ತಿದ್ದ. ಒಂದು ಮಧ್ಯಾಹ್ನ ಅದರ ಹಿಡಿಯ ಮೇಲೆ ಕೈ ಇಟ್ಟದ್ದೂ ಉಂಟು. ಮೇಲಿನ ಮಹಡಿಗಳಲ್ಲಿ ಮಲಗಿದ್ದವರು ನೆನಪಾಗಿ ಕೈ ತೆಗೆದಳು. ಬದಲಿಗೆ, ದೊಡ್ಡಪ್ಪನನ್ನು ನಿಲ್ಲಿಸುವ ಮಾತು ಬಂದಾಗಲೆಲ್ಲ ಆಡಳಿತದವರ ಜೊತೆ ವಾದಕ್ಕೆ ನಿಂತಳು. ಎರಡು ಸಲ ಗೆದ್ದಳು. ಕೊಟ್ಟ ಕಾರಣಗಳೆಲ್ಲ ನಿಜವೇ. ಕೊಡದೆ ಉಳಿಸಿಕೊಂಡದ್ದು ಒಂದೇ.

ಮೂರನೆಯ ಸಲ ಸೋತಳು. ಇವತ್ತು ಕೊನೆಯ ಬೋರ್ಡು ಹೊರಬಂದರೆ, ಈ ಮನುಷ್ಯ ಈ ಬಾಗಿಲಿಗೆ ಮತ್ತೆ ಬರಲು ಒಂದು ನೆಪವೂ ಉಳಿಯುವುದಿಲ್ಲ. ಹಾಗಿದ್ದೂ ಅವನು ಸೀಟಿ ಹೊಡೆಯುತ್ತಾನೆ.

*

"ಶುರು ಮಾಡೋಣ್ವಾ ಮೇಡಂ!" ಎಂದು ಅವನು ಕೂಗಿದ.

ಸದ್ದಡಗಿದ ಕೋಣೆ ಆ ಕೂಗನ್ನು ವಾಪಸ್ ಕೊಟ್ಟಿತು. ಇಬ್ಬರೂ ಬೆಚ್ಚಿದರು. ಇಷ್ಟು ವರ್ಷ ಫ್ಯಾನುಗಳ ಭೋರ್ಗರೆತದ ಮೇಲೆ ಗಂಟಲು ಹರಿದುಕೊಂಡೇ ಮಾತಾಡಿದ್ದವರು ಅವರು.

"ಕಿವಿ ಕೇಳ್ಸುತ್ತೆ ನಂಗೆ," ಎಂದಳು.

"ಅಭ್ಯಾಸ ಬಲ," ಎಂದ, ಈ ಸಲ ಮೆಲ್ಲಗೆ. ಅವನ ನಿಜವಾದ ದನಿ ಇಷ್ಟು ಮೃದುವೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಒಳ್ಳೆ ದಿನ ಸಿಕ್ಕಿತು ಎಂದುಕೊಂಡಳು.

ಅವನು ಎರಡು ಮಣಿಕಟ್ಟಿನ ಪಟ್ಟಿ ತೆಗೆದ. ಮೈಮೇಲಿನ ವಿದ್ಯುತ್ ಕಿಡಿ ಬೋರ್ಡಿಗೆ ತಗಲದಂತೆ ಕಟ್ಟಿಕೊಳ್ಳುವ ಪಟ್ಟಿಗಳು. ಅವುಗಳ ಸುರುಳಿ ವೈರಿನ ತುದಿಯನ್ನು ಕಪಾಟಿನ ಚೌಕಟ್ಟಿಗೆ ಸಿಕ್ಕಿಸಬೇಕು. ಒಂದನ್ನು ತಾನು ಕಟ್ಟಿಕೊಂಡ. ಇನ್ನೊಂದನ್ನು ಅವಳು ಎಡಗೈಯಲ್ಲಿ ಬಿಗಿಯಲು ಒದ್ದಾಡುವುದನ್ನು ಕೈಕಟ್ಟಿ ನೋಡುತ್ತಾ ನಿಂತ.

"ಸಹಾಯ ಮಾಡೋ ಉದ್ದೇಶ ಏನಾದ್ರೂ ಇದ್ಯಾ?"

"ಕೇಳ್ಲಿ ಅಂತ ಕಾಯ್ತಿದ್ದೆ."

ಪಟ್ಟಿ ಬಿಗಿದ. ಬೆರಳು ತಗಲಿದ್ದು ಪಟ್ಟಿಗೆ ಮಾತ್ರ. ಎರಡು ವೈರುಗಳ ತುದಿಯನ್ನೂ ಒಂದೇ ಕಡೆ ಸಿಕ್ಕಿಸಿದ.

ಮೊದಲು ಕಿತ್ತಳೆ ಬಣ್ಣದ ಹಿಡಿಗಳು. ಆ ಬಣ್ಣಕ್ಕೆ ಅರ್ಥವಿತ್ತು: ಕಿತ್ತಳೆ ಹಿಡಿಯ ಭಾಗಗಳನ್ನು ಸರ್ವರ್ ಓಡುತ್ತಿರುವಾಗಲೇ ತೆಗೆದು ಹಾಕಬಹುದು. ನೀಲಿ ಹಿಡಿಯವನ್ನು ಪೂರ್ತಿ ನಿಂತ ಮೇಲೆ ಮಾತ್ರ ಮುಟ್ಟಬೇಕು. ಇಲ್ಲಿಯವರೆಗೆ ಅವನು ಬಂದದ್ದೆಲ್ಲ ಕಿತ್ತಳೆಗಾಗಿ.

ಫ್ಯಾನುಗಳು ಹೊರಬಂದವು. ಒಂದನ್ನು ಅಂಗೈ ಮೇಲಿಟ್ಟುಕೊಂಡು ಬೆರಳಲ್ಲಿ ತಿರುಗಿಸಿದ. ಇಷ್ಟು ವರ್ಷ ದುಡಿದದ್ದು, ಒಂದಿಷ್ಟೂ ಕರಕರ ಎನ್ನದೆ ಸುತ್ತಿತು.

"ಒಂದು ಹೋದ್ರೆ ಉಳಿದವು ವೇಗ ಹೆಚ್ಚಿಸ್ಕೊಳ್ತವೆ. ಯಾರಿಗೂ ಗೊತ್ತೇ ಆಗಲ್ಲ."

"ನಂಗೆ ಗೊತ್ತಾಗ್ತಿತ್ತು. ಸದ್ದು ಬದಲಾಗ್ತಿತ್ತು."

ಅವನು ತಲೆಯೆತ್ತಿ ನೋಡಿದ. ಒಳ್ಳೆಯ ಯಂತ್ರದತ್ತ ನೋಡುವ ನೋಟ ಅದು, ಅವಳಿಗೆ ಪರಿಚಯವಿತ್ತು. ಆದರೆ ಈಗ ಅವನ ಕಣ್ಣು ಫ್ಯಾನಿನ ಮೇಲಿರಲಿಲ್ಲ.

ಮೆಮೊರಿ ಕಾರ್ಡುಗಳನ್ನು ಅವಳೇ ತೆಗೆದಳು. ಸಾಲಾಗಿ ನಿಂತ ಹಸಿರು ಕಾರ್ಡುಗಳು, ಕೆಳಗಿನ ಅಂಚಿಗೆ ಚಿನ್ನದ ಲೇಪ.

"ಇದ್ರಲ್ಲಿ ಒಂದು ಚಿಪ್ ಸುಮ್ನೆ ಕೂತಿರುತ್ತೆ," ಎಂದ ಅವನು. "ಪಕ್ಕದ್ದು ಸೋತ ದಿನ ಎದ್ದು ಅದರ ಕೆಲಸ ಹಿಡಿಯುತ್ತೆ."

"ಪಕ್ಕದ್ದು ಸೋಲದೇ ಇದ್ರೆ?"

"ಕೊನೇವರೆಗೂ ಕಾಯ್ತಾ ಇರುತ್ತೆ."

"ಪಾಪ."

"ಪಾಪ ಯಾಕೆ? ಕಾಯೋದೂ ಕೆಲಸಾನೇ ಮೇಡಂ."

*

ಬಾಗಿಲು ತಳ್ಳಿಕೊಂಡು ಲ್ಯಾಬ್ ಅಕ್ಕ ಬಂದರು. ಲ್ಯಾಬಿನ ಮುಖ್ಯಸ್ಥೆ, ಇಡೀ ಆಸ್ಪತ್ರೆಗೇ ಅಕ್ಕ. ಮನಸ್ಸಿಗೂ ಬಾಯಿಗೂ ನಡುವೆ ಬಾಗಿಲು ಇಡಿಸಿಕೊಳ್ಳದವರು.

"ಅಯ್ಯೋ, ದೊಡ್ಡಪ್ಪನ ಕರುಳೆಲ್ಲ ಹೊರಗಿಟ್ಟಿದ್ದೀರಲ್ಲಪ್ಪ!" ಮೇಜಿನ ಮೇಲೆ ಸಾಲಾಗಿಟ್ಟ ಭಾಗಗಳನ್ನು ಬಗ್ಗಿ ನೋಡಿದರು. "ಆದ್ರೂ ಏನು ಅಚ್ಚುಕಟ್ಟು! ನನ್ನ ಅಡುಗೆಮನೆ ಹೊರಗೂ ಹೀಗಿಲ್ಲ, ಇದರ ಒಳಗೇ ಹೀಗಿದೆ."

"ಸುಮ್ನೆ ನೋಡಿ ಅಕ್ಕ, ಮುಟ್ಬೇಡಿ," ಎಂದಳು ಅವಳು.

"ಕೇಳಿದ್ರಾ ಇಂಜಿನಿಯರ್ರೇ? ಈಗ್ಲೂ ಕಾವಲು! ಇದನ್ನ ಯಾವಾಗ್ಲೋ ನಿಲ್ಲಿಸ್ಬೇಕಿತ್ತು. ಎರಡು ವರ್ಷದ ಹಿಂದೇನೇ ಮಾತಾಗಿತ್ತು. ಇವಳೇ ಎರಡು ಸಲ ಮೀಟಿಂಗಲ್ಲಿ ಜಗಳ ಆಡಿ ಉಳಿಸ್ಕೊಂಡಳು. ಇವಳಮ್ಮ ಅಂತಾರೆ, ನೀನು ಆ ದೊಡ್ಡಪ್ಪನ ಆರೈಕೇಲೇ ಮುದುಕಿ ಆಗ್ತೀಯ ಅಂತ."

"ಅಕ್ಕಾ!"

"ಸರಿ ಸರಿ, ಹೊರಟೆ." ಖಾಲಿಯಾಗುತ್ತಿದ್ದ ಕಪಾಟನ್ನು ಒಮ್ಮೆ ತಟ್ಟಿ ಹೋದರು.

ಅವನ ಮುಖದ ಖುಷಿ ಆರಿಹೋಗಿತ್ತು. ಸ್ಕ್ರೂಡ್ರೈವರ್ ಹಿಡಿದ ಕೈ ಅಲ್ಲೇ ನಿಂತಿತ್ತು.

"ಎರಡು ಸಲ?" ಎಂದ.

"ಕೆಲಸ ಚೆನ್ನಾಗೇ ಮಾಡ್ತಿತ್ತಲ್ಲ. ನಿಲ್ಲಿಸೋದ್ಯಾಕೆ?"

"ಉಳಿಸಿದ್ದು ನೀವು?"

"ಹೌದು. ಏನೀಗ?"

ಅವನು ಮತ್ತೆ ಕಪಾಟಿನತ್ತ ಬಾಗಿದ. ಈ ಹಳೇ ಮೆಷಿನ್ನಿಗಾಗಿ ಓಡಾಡಿಸಿದ್ದಕ್ಕೆ ಬೇಸರವೇನೋ ಎಂದುಕೊಂಡಳು.

*

ನೀಲಿ ಹಿಡಿಗಳ ಸರದಿ. ಪ್ರೊಸೆಸರ್ ಬೋರ್ಡನ್ನು ಹಿಡಿದಿದ್ದ ಉದ್ದದ ಲಿವರನ್ನು ಅವಳಿಗೆ ಬಿಟ್ಟುಕೊಟ್ಟ. "ನೀವೇ ಎಳೀರಿ. ನಿಧಾನ."

ಸಾವಿರಾರು ಪಿನ್ನುಗಳು ಕಚ್ಚಿಕೊಂಡಿದ್ದ ಬೋರ್ಡು. ಆದರೂ ಲಿವರ್ ಒಂದೇ ಕೈಯ ಎಳೆತಕ್ಕೆ ಬಗ್ಗಿತು. ಒಳಗಿನಿಂದ ನಿಟ್ಟುಸಿರಿನಂಥ ಸಣ್ಣ ಸದ್ದು, ಬೋರ್ಡು ಮುಂದಕ್ಕೆ ಜಾರಿತು. ಅವಳು ಬಗ್ಗಿ ನೋಡಿದಳು.

ಬಿಸಿ ಹೀರುವ ತಾಮ್ರದ ದಪ್ಪ ಗಟ್ಟಿ, ಅದರ ಮೇಲೆ ಕಾಗದದಷ್ಟು ತೆಳುವಾದ ರೆಕ್ಕೆಗಳು, ಒಂದಕ್ಕೊಂದು ತಾಗದೆ, ಒಂದೂ ಬಾಗದೆ. ಅವನು ಅದನ್ನು ಸಡಿಲಿಸಿ ಎತ್ತಿದ. ಕೆಳಗೆ ಅಂಗೈಯಗಲದ ಪಿಂಗಾಣಿ ಬಿಲ್ಲೆ, ಅದೇ ಪ್ರೊಸೆಸರ್. ಅದನ್ನೂ ಎತ್ತಿ ಮಗುಚಿದಾಗ ಬೆನ್ನ ತುಂಬ ಚಿನ್ನದ ಚುಕ್ಕಿಗಳು, ಸಾಲು ತಪ್ಪದೆ, ಅಂಚಿನಿಂದ ಅಂಚಿಗೆ.

ಅವಳು ಸಿಟ್ಟನ್ನು ಮರೆತಳು.

"ಇಷ್ಟು ಚೆಂದ ಯಾಕೆ ಮಾಡಿದ್ದಾರೆ? ಒಳಗಡೆ ಯಾರು ನೋಡ್ತಾರೆ?"

"ಇವತ್ತು ನಾವು ನೋಡ್ತಿದ್ದೀವಲ್ಲ."

ಇಬ್ಬರ ತಲೆಯೂ ಆ ಬಿಲ್ಲೆಯ ಮೇಲೆ ಬಾಗಿತ್ತು. ಚುಕ್ಕಿಗಳ ಮೇಲೆ ಬಿದ್ದ ಬೆಳಕು ಅವನ ಗಲ್ಲಕ್ಕೆ ಚಿಮ್ಮಿತ್ತು. ಒಂದು ಸುಕ್ಕು, ಹಿಂದೆ ಇರದಿದ್ದದ್ದು, ಕಣ್ಣಂಚಿನಲ್ಲಿ ಕಂಡಿತು. ಅವನ ವಯಸ್ಸೂ ಈ ಕೋಣೆಯಲ್ಲೇ ಏರಿತ್ತು. ತನ್ನದೂ. ಅವಳು ಮೊದಲು ಕಣ್ಣು ತೆಗೆದಳು. ಅವನು ತೆಗೆಯಲಿಲ್ಲವೆಂದು ನೋಡದೆಯೇ ಗೊತ್ತಾಯಿತು.

*

ಕೊನೆಗೆ ಉಳಿದದ್ದು ಕಪಾಟಿನ ನಟ್ಟನಡುವೆ ಗೋಡೆಯಂತೆ ನಿಂತ ಬ್ಯಾಕ್‌ಪ್ಲೇನ್. ಎಲ್ಲ ಬೋರ್ಡುಗಳೂ ಬಂದು ಸೇರುತ್ತಿದ್ದ ಬೆನ್ನೆಲುಬು ಅದು. ಅದರ ಮೇಲೆ ಇಬ್ಬರು ಮನುಷ್ಯರ ಚಿತ್ರದ ಸ್ಟಿಕರ್ ಇತ್ತು: ಒಬ್ಬರೇ ತೆಗೆಯಬಾರದು.

ಅವಳು ಹಿಂಬದಿಗೆ ಹೋಗಿ ತಿರುಪುಗಳನ್ನು ಬಿಚ್ಚಿ ತಳ್ಳಿದಳು. ಅವನು ಮುಂದಿನಿಂದ ಟ್ರಾಲಿಯ ಮೇಲೆ ಎಳೆದುಕೊಂಡ. ಅದು ಸರಿದುಹೋದ ಕ್ಷಣ ಕಪಾಟು ಬರಿದಾಯಿತು. ಇತ್ತ ಅವಳ ಮುಖ, ಅತ್ತ ಅವನದು. ಈ ಕಪಾಟಿನ ಮೂಲಕ ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಯಾವಾಗಲೂ ನಡುವೆ ದೊಡ್ಡಪ್ಪ ಇರುತ್ತಿದ್ದ.

ಅವನು ಬರಿದಾದ ಕಪಾಟಿನೊಳಗೆ ಕೈ ಚಾಚಿ ಜಾಬ್ ಶೀಟ್ ನೀಡಿದ. "ಮೊದಲು ಸೈನ್ ಮಾಡಿ."

"ಇಷ್ಟು ಅವಸರಾನಾ?"

"ತುಂಬಾ."

ಅವಳು ತುಟಿ ಕಚ್ಚಿ ಸಹಿ ಹಾಕಿದಳು. ಸೇವೆಗೆ ಅಂಕ ಕೊಡುವ ಜಾಗದಲ್ಲಿ ಪೆನ್ನು ನಿಂತಿತು. "ಯಾವಾಗ್ಲೂ ಪೂರ್ತಿ ಕೊಡ್ತಿದ್ದೆ. ಇವತ್ತು ಸೀಟಿಗೆ ಒಂದು ಕಡಿಮೆ."

"ಎಷ್ಟಾದ್ರೂ ಕೊಡಿ. ಇನ್ನು ಅದರ ಹಂಗಿಲ್ಲ." ಶೀಟ್ ಮಡಚಿ ಜೇಬಿಗಿಟ್ಟ. "ಮುಗೀತು. ಈಗ ನೀವು ನನ್ನ ಕಸ್ಟಮರ್ ಅಲ್ಲ. ಇಷ್ಟು ದಿನ ನಾನು ಮಾಡಿದ ಕೆಲಸ ಸರಿನಾ ತಪ್ಪಾ ಅಂತ ಸಹಿ ಹಾಕ್ತಿದ್ದೋರು ನೀವು. ಮೇಲೆ ಒಂದು ಆಸ್ಪತ್ರೆ ಆ ಸಹಿ ನಂಬ್ಕೊಂಡಿತ್ತು. ಅಂಥವರ ಹತ್ರ ಮನಸ್ಸಲ್ಲಿರೋದನ್ನ ಹೇಗೆ ಹೇಳ್ಲಿ? ದೊಡ್ಡಪ್ಪ ಓಡ್ತಿರೋವರೆಗೂ ಬಾಯಿ ಬಿಡಬಾರದು ಅಂತಿದ್ದೆ. ನೀಲಿ ಹಿಡಿ ಇದ್ದ ಹಾಗೆ."

ಅವಳ ಕೈ ಚೌಕಟ್ಟನ್ನು ಹಿಡಿದುಕೊಂಡಿತು.

"ಅದಕ್ಕೇ ಸೀಟಿ," ಎಂದ. "ಮನೇಲಿ ನಮ್ಮಕ್ಕ ಕೇಳ್ತಾನೇ ಇರ್ತಾಳೆ, ಯಾವಾಗ ಮದುವೆ ಅಂತ. ಒಂದು ಮೆಷಿನ್ ನಿಲ್ಲಲಿ ಅಂತೀನಿ. ನನ್ನ ತಲೆ ಕೆಟ್ಟಿದೆ ಅಂತ ಅವಳಿಗೆ ಗ್ಯಾರಂಟಿ. ಎರಡು ವರ್ಷದ ಹಿಂದೆ ನಿಲ್ಲುತ್ತೆ ಅಂತ ಸುದ್ದಿ ಬಂತು, ಹೊಸ ಶರ್ಟು ಹೊಲಿಸ್ದೆ. ನಿಲ್ಲಲಿಲ್ಲ. ಮತ್ತೆ ಸುದ್ದಿ ಬಂತು. ಮತ್ತೆ ನಿಲ್ಲಲಿಲ್ಲ. ಯಾರೋ ಪುಣ್ಯಾತ್ಮರು ಅಡ್ಡಗಾಲು ಹಾಕ್ತಿದ್ದಾರೆ ಅಂತ ಬೈಕೊಂಡಿದ್ದೆ." ದನಿ ಇಳಿಯಿತು. "ಅದು ನೀವು ಅಂತ ಇವತ್ತು ಗೊತ್ತಾಯ್ತು. ಯಾಕೆ ಮೇಡಂ? ನಿಜ ಹೇಳಿ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಎಂದು ಹೇಳಲಾರಳು.

"ಇದು ನಿಂತ್ರೆ ನೀವು ಬರೋದೂ ನಿಲ್ಲುತ್ತೆ ಅಂತ."

ಅವನು ಹಣೆಯನ್ನು ಚೌಕಟ್ಟಿಗೆ ಆನಿಸಿ ನಗತೊಡಗಿದ. ಆ ನಗು ಬರಿದಾದ ಕಪಾಟಿನೊಳಗೆ ಗುಂಯ್‌ಗುಟ್ಟಿತು.

"ಅಂದ್ರೆ ಇಬ್ಬರೂ ಬಾಯಿ ಬಿಡದೆ ಪಾಪದ ದೊಡ್ಡಪ್ಪನ ಕೈಲಿ ಎರಡು ವರ್ಷ ಹೆಚ್ಚಿಗೆ ದುಡಿಸಿದ್ವಿ."

"ಒಂದು ದಿನಾನೂ ತಪ್ಪಿಸ್ಲಿಲ್ಲ," ಎಂದಳು ಹೆಮ್ಮೆಯಿಂದ, ಕಣ್ಣೊರೆಸಿಕೊಳ್ಳುತ್ತಾ.

"ಇಲ್ಲ. ಒಂದು ದಿನಾನೂ ಇಲ್ಲ."

ಅವನು ಕಪಾಟಿನ ಮೂಲಕ ಕೈ ನೀಡಿದ. ಅವಳು ಹಿಡಿದುಕೊಂಡಳು. ಎರಡು ಸುರುಳಿ ವೈರುಗಳು ಇನ್ನೂ ಅದೇ ಚೌಕಟ್ಟಿಗೆ ಸಿಕ್ಕಿಕೊಂಡಿದ್ದವು. ಬಿಚ್ಚುವುದು ಇಬ್ಬರಿಗೂ ನೆನಪಾಗಲಿಲ್ಲ.

"ನಾಳೆ ಬರಲಾ?" ಎಂದ.

ಅಭ್ಯಾಸ ಬಲದಿಂದ ಅವಳು ಕೇಳಿದಳು, "ಯಾಕೆ, ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಹಾಗಾದ್ರೆ ಬನ್ನಿ," ಎಂದಳು.